ರೀಡ್‌ಬ್ಯಾಕ್ ಹೇಳಿಯೂ ಯಾಕೆ ತಪ್ಪಾಗುತ್ತದೆ?

ನಿಮ್ಮ ಪ್ರಶ್ನೆ ಓದಿದೆ. ವಿಮಾನದ ಸಿಮ್ಯುಲೇಟರ್‌ನಲ್ಲಿ ಅಪ್ರೋಚ್‌ಗೆ, ಅಂದರೆ ಇಳಿಯಲು, ಬರುತ್ತಿದ್ದಾಗ ಕಂಟ್ರೋಲರ್ (ನೆಲದಿಂದ ರೇಡಿಯೋದಲ್ಲಿ ವಿಮಾನಗಳಿಗೆ ಸೂಚನೆ ಕೊಡುವವರು) 3000 ಅಡಿ ಅಂದರು, ನೀವು 2000 ಅಂತ ಕೇಳಿಸಿಕೊಂಡು 2000 ಅಂತಲೇ ವಾಪಸ್ ಹೇಳಿದಿರಿ, ಅವರು ತಿದ್ದಲಿಲ್ಲ, ವಿಮಾನ ಗುಡ್ಡಕ್ಕೆ ಹೊಡೆಯಿತು. ಹೀಗಾದರೆ ರೀಡ್‌ಬ್ಯಾಕ್, ಅಂದರೆ ಕೇಳಿದ ಸೂಚನೆಯನ್ನು ವಾಪಸ್ ಹೇಳುವುದು, ಯಾಕೆ ಬೇಕು ಅಂತ ಕೇಳಿದ್ದೀರಿ. ಕೆಳಗೆ ಇನ್ನೊಬ್ಬರು, ಇಂಗ್ಲಿಷ್ ಚೆನ್ನಾಗಿದ್ದರೆ ಇದೆಲ್ಲ ಆಗುವುದಿಲ್ಲ ಅಂತ ಬರೆದಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ನಾನು ಆನ್‌ಲೈನ್‌ನಲ್ಲಿ ಪೈಲಟ್ ಆಗಿಯೂ ಕೂತಿದ್ದೇನೆ, ಕಂಟ್ರೋಲರ್ ಆಗಿಯೂ ಕೂತಿದ್ದೇನೆ. ಎರಡೂ ಕಡೆ ನೋಡಿದ್ದು ಒಂದೇ. ಕೇಳಿಸದೇ ಹೋದರೆ ಯಾರಾದರೂ ಇನ್ನೊಂದು ಸಲ ಕೇಳುತ್ತಾರೆ. ಸರಿಯಾಗಿ ಕೇಳಿಸಿತು ಅಂದುಕೊಂಡಾಗಲೇ ಎಡವಟ್ಟಾಗುವುದು.

ನಿಮಗೆ ಆದದ್ದೇ ನಿಜ ಜೀವನದಲ್ಲೂ ಆಗಿದೆ. 1989ರ ಫೆಬ್ರವರಿ 19ರಂದು ಫ್ಲೈಯಿಂಗ್ ಟೈಗರ್ 66, ಅದೊಂದು ಸರಕು ಸಾಗಿಸುವ 747, ಸಿಂಗಾಪುರದಿಂದ ಕ್ವಾಲಾಲಂಪುರಕ್ಕೆ ಇಳಿಯಲು ಬರುತ್ತಿತ್ತು. ಕಂಟ್ರೋಲರ್ 'ಡಿಸೆಂಡ್ ಟು ಫೋರ್ ಝೀರೋ ಝೀರೋ' ಅಂದರು. ಅವರ ಮನಸ್ಸಲ್ಲಿದ್ದದ್ದು 2400 ಅಡಿ. ಪೈಲಟ್‌ಗಳು ಆ 'ಟು' ಅನ್ನು ಎರಡು ಅಂತ ತೆಗೆದುಕೊಳ್ಳದೆ, 400 ಅಡಿಗೆ ಇಳಿಯಿರಿ ಅಂತ ಅರ್ಥ ಮಾಡಿಕೊಂಡರು. 'ಓಕೆ, ಫೋರ್ ಝೀರೋ ಝೀರೋ' ಅಂತ ವಾಪಸ್ ಹೇಳಿದರು. ಕಂಟ್ರೋಲರ್ ಅದನ್ನು ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ಒಳಗಿದ್ದ ನಾಲ್ವರೂ ಸತ್ತರು. ನೆಲ ಹತ್ತಿರವಾಗಿದೆ ಅಂತ ಕಾಕ್‌ಪಿಟ್‌ನಲ್ಲಿ ಎಚ್ಚರಿಕೆ ಕೂಗುತ್ತಲೇ ಇತ್ತು.

ಇದರಿಂದ ಕಲಿಯಬೇಕಾದದ್ದು ತುಂಬಾ ಸರಳ. ಎತ್ತರವನ್ನು ಸಾವಿರ, ನೂರು ಅಂತ ಬಿಡಿಸಿ ಹೇಳಬೇಕು. 'ಟು ಥೌಸಂಡ್ ಫೋರ್ ಹಂಡ್ರೆಡ್ ಫೀಟ್' ಅಂದಿದ್ದರೆ ಗೊಂದಲಕ್ಕೆ ಜಾಗವೇ ಇರುತ್ತಿರಲಿಲ್ಲ. ದಿಕ್ಕು, ವೇಗವನ್ನು ಒಂದೊಂದೇ ಅಂಕಿಯಾಗಿ ಹೇಳುವುದು. ಹೀಗೆ ಮಾಡಿದರೆ ಕೇಳುವವರಿಗೆ ಇದು ಎತ್ತರ, ಇದು ದಿಕ್ಕು ಅಂತ ಕಿವಿಯಲ್ಲೇ ಗೊತ್ತಾಗುತ್ತದೆ. ಅಂಕಿಯ ಜೊತೆ ದಿಕ್ಕಿಗೆ 'ಹೆಡಿಂಗ್', ಎತ್ತರಕ್ಕೆ 'ಫೀಟ್', ವೇಗಕ್ಕೆ 'ನಾಟ್ಸ್' ಬಿಡಬೇಡಿ. ಸುಮ್ನೆ 'ಟು ಫೋರ್ ಝೀರೋ' ಅಂದರೆ ಅದು ದಿಕ್ಕೋ ವೇಗವೋ ಯಾರಿಗೆ ಗೊತ್ತು?

ಇನ್ನು ರೀಡ್‌ಬ್ಯಾಕ್ ಬಗ್ಗೆ. ಅದು ಎರಡು ಕೈಯ ಕೆಲಸ. ನೀವು ವಾಪಸ್ ಹೇಳುವುದು ಅರ್ಧ, ಕಂಟ್ರೋಲರ್ ಅದನ್ನು ನಿಜವಾಗಿ ಕೇಳುವುದು ಇನ್ನರ್ಧ. ಕಂಟ್ರೋಲರ್ ಆಗಿ ಕೂತಾಗ ನಾನೇ ಒಮ್ಮೆ ಈ ತಪ್ಪು ಮಾಡಿದ್ದೇನೆ. ಪೈಲಟ್ ಉತ್ತರ ಕೊಡುತ್ತಿದ್ದಾಗ ನನ್ನ ತಲೆ ಆಗಲೇ ಮುಂದಿನ ವಿಮಾನಕ್ಕೆ ಹೋಗಿತ್ತು. ನಾನು ಹೇಳಿದ್ದೇ ವಾಪಸ್ ಬರುತ್ತದೆ ಅಂತ ನಂಬಿದ್ದೆ, ಅದಕ್ಕೇ ಕಿವಿಗೂ ಹಾಗೇ ಕೇಳಿಸಿತು. ಆದ್ದರಿಂದ ಎದುರು ಕಡೆಯಿಂದ ಮೌನ ಬಂದರೆ ಅದನ್ನು 'ಹೌದು' ಅಂತ ತೆಗೆದುಕೊಳ್ಳಬೇಡಿ. ಚಾರ್ಟ್‌ನಲ್ಲಿ ಆ ಜಾಗದ ಕನಿಷ್ಠ ಎತ್ತರಕ್ಕಿಂತ ಕೆಳಗಿನ ಅಂಕಿ ಕೇಳಿಸಿದರೆ 'ಕನ್ಫರ್ಮ್' ಅಂತ ಕೇಳಿ. ವಿಮಾನ ಸಾಮಾನ್ಯವಾಗಿ ಇಳಿಯುವ ಮೂರು ಡಿಗ್ರಿ ಇಳಿಜಾರಿನಲ್ಲಿ, ರನ್‌ವೇಯಿಂದ ಒಂದೊಂದು ನಾಟಿಕಲ್ ಮೈಲಿ ದೂರಕ್ಕೂ ಸುಮಾರು 300 ಅಡಿ ಎತ್ತರ ಇರುತ್ತದೆ. ರನ್‌ವೇ ಇನ್ನೂ ಎಂಟು ಮೈಲಿ ದೂರ ಇದ್ದು 400 ಅಡಿ ಅಂದರೆ ಲೆಕ್ಕ ಕೂಡುವುದಿಲ್ಲ ಅಲ್ವಾ.

ಆದರೆ ಈ ಲೆಕ್ಕವೂ ಕೈಕೊಡುವ ಒಂದು ಸಂದರ್ಭ ಇದೆ. 2022ರ ಮೇ 23ರಂದು ಪ್ಯಾರಿಸ್‌ನ ಶಾರ್ಲ್ ದ ಗಾಲ್‌ನಲ್ಲಿ ಒಂದು ಎ320 ಮಳೆಯಲ್ಲಿ ಇಳಿಯುತ್ತಿತ್ತು. ಎತ್ತರ ತೋರಿಸುವ ಆಲ್ಟಿಮೀಟರ್‌ಗೆ ಆ ಜಾಗದ ಗಾಳಿಯ ಒತ್ತಡವನ್ನು ಕೊಡಬೇಕು. ಆ ಒತ್ತಡ 1001 ಹೆಕ್ಟೋಪಾಸ್ಕಲ್ ಇತ್ತು, ಕಂಟ್ರೋಲರ್ ಹೇಳಿದ್ದು 1011. ಪೈಲಟ್ ಅದನ್ನೇ ವಾಪಸ್ ಹೇಳಿದರು. ಅಂದರೆ ಇಲ್ಲಿ ರೀಡ್‌ಬ್ಯಾಕ್‌ನಲ್ಲಿ ತಪ್ಪೇ ಇಲ್ಲ, ಕೊಟ್ಟ ಅಂಕಿಯೇ ತಪ್ಪು. ಹತ್ತು ಹೆಕ್ಟೋಪಾಸ್ಕಲ್ ತಪ್ಪಾದರೆ ಎತ್ತರದಲ್ಲಿ ಸುಮಾರು 280 ಅಡಿ ತಪ್ಪು. ಅವರ ಆಲ್ಟಿಮೀಟರ್ ಎಲ್ಲ ಸರಿ ಅಂತ ತೋರಿಸುತ್ತಿತ್ತು, ಆದರೆ ವಿಮಾನ ರನ್‌ವೇ ಮುಟ್ಟುವ ಮೊದಲೇ ನೆಲದಿಂದ ಬರೀ ಆರು ಅಡಿ ಮೇಲಿತ್ತು. ಗೋ ಅರೌಂಡ್ ಮಾಡಿದ್ದರಿಂದ, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿದ್ದರಿಂದ, ಎಲ್ಲರೂ ಬದುಕಿದರು. ಏಟಿಸ್‌ನಲ್ಲಿ (ವಿಮಾನ ನಿಲ್ದಾಣದ ಹವಾಮಾನ ಹೇಳುವ ರೇಡಿಯೋ ಪ್ರಸಾರ) ಸರಿಯಾದ 1001 ಇತ್ತು. ಹಾಗಾಗಿ ಏಟಿಸ್ ಕೇಳಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಕಂಟ್ರೋಲರ್ ಕೊಟ್ಟ ಕ್ಯೂಎನ್‌ಎಚ್, ಅಂದರೆ ಈ ಒತ್ತಡದ ಅಂಕಿ, ಅದಕ್ಕೆ ಹೊಂದದಿದ್ದರೆ ಕೇಳದೆ ಮುಂದೆ ಹೋಗಬೇಡಿ.

ನನ್ನನ್ನು ಜಾಸ್ತಿ ಕಾಡುವುದು ಏವಿಯಾಂಕಾ 52 ವಿಮಾನದ ದುರಂತ. 1990ರ ಜನವರಿ 25, ಕೊಲಂಬಿಯಾದಿಂದ ನ್ಯೂಯಾರ್ಕ್‌ಗೆ ಬಂದ 707. ಹವಾಮಾನ ಕೆಟ್ಟಿತ್ತು, ಒಂದು ಗಂಟೆಗೂ ಹೆಚ್ಚು ಹೊತ್ತು ಅವರನ್ನು ಆಕಾಶದಲ್ಲೇ ಸುತ್ತಿಸಿದರು. ಸಹ ಪೈಲಟ್ 'ಪ್ರಯಾರಿಟಿ' ಕೇಳಿದರು. ಮೊದಲ ಸಲ ಇಳಿಯಲಾಗದೆ ಮೇಲೆದ್ದಾಗ ಕ್ಯಾಪ್ಟನ್, ಎಮರ್ಜೆನ್ಸಿ ಅಂತ ಹೇಳು ಅಂತ ಸ್ಪ್ಯಾನಿಷ್‌ನಲ್ಲಿ ಹೇಳಿದರು. ರೇಡಿಯೋದಲ್ಲಿ ಹೋದದ್ದು ಬೇರೆ. ಸಹ ಪೈಲಟ್, ಕಂಟ್ರೋಲರ್ ಕೊಟ್ಟ ದಿಕ್ಕನ್ನು ವಾಪಸ್ ಹೇಳಿ, ಅದರ ಕೊನೆಗೆ 'ಇಂಧನ ಮುಗಿಯುತ್ತಿದೆ' ಅಂತ ಸೇರಿಸಿದರು. ಮುಂದಿನ ಕಂಟ್ರೋಲರ್, ಹದಿನೈದು ಮೈಲಿ ದೂರ ಕರೆದೊಯ್ದು ತಿರುಗಿಸುತ್ತೇನೆ, ಇಂಧನಕ್ಕೆ ತೊಂದರೆ ಇಲ್ಲ ತಾನೇ ಅಂತ ಕೇಳಿದರು. 'ಇಲ್ಲ ಅನಿಸುತ್ತದೆ, ಧನ್ಯವಾದ' ಅನ್ನುವಂಥ ಉತ್ತರ ಹೋಯಿತು. ಸ್ವಲ್ಪ ಹೊತ್ತಿಗೆ ಎಂಜಿನ್‌ಗಳು ಒಂದೊಂದಾಗಿ ನಿಂತವು. 158 ಜನರಲ್ಲಿ 73 ಮಂದಿ ಸತ್ತರು. ಇಲ್ಲಿ ಯಾರ ಕಿವಿಯೂ ಮೋಸ ಮಾಡಲಿಲ್ಲ. ಇಳಿಯಲು ಬರುವ ಎಲ್ಲರ ಟ್ಯಾಂಕ್‌ನಲ್ಲೂ ಇಂಧನ ಕಡಿಮೆಯೇ ಇರುತ್ತದೆ, ಆದ್ದರಿಂದ ಆ ಮಾತು ಕಂಟ್ರೋಲರ್‌ಗೆ ದೊಡ್ಡದಾಗಿ ತಟ್ಟಲಿಲ್ಲ. ಈಗ ಇದಕ್ಕೆ ಗೊತ್ತುಮಾಡಿದ ಮಾತುಗಳಿವೆ. ಇನ್ನು ತಡ ಮಾಡಿಸಿದರೆ ಕಷ್ಟ ಅಂದರೆ 'ಮಿನಿಮಮ್ ಫ್ಯೂಯಲ್'. ಅದನ್ನೂ ದಾಟಿದರೆ ಮೂರು ಸಲ 'ಮೇಡೇ', ಕೊನೆಗೆ 'ಫ್ಯೂಯಲ್'. ಸಿಮ್ಯುಲೇಟರ್‌ನಲ್ಲಿ ಇದನ್ನು ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿ. ದಯವಿಟ್ಟು ಸಂಕೋಚ ಬೇಡ.

ಸಣ್ಣ ವಿಷಯಗಳು ಒಂದೆರಡು. ರೇಡಿಯೋದ ಬಟನ್ ಒತ್ತಿ ಅರೆ ಕ್ಷಣ ಬಿಟ್ಟು ಮಾತಾಡಿ, ಇಲ್ಲದಿದ್ದರೆ ಮೊದಲ ಪದ ಕತ್ತರಿಸಿಹೋಗುತ್ತದೆ. ಇಬ್ಬರು ಒಟ್ಟಿಗೆ ಮಾತಾಡಿ ಕೀಂ ಅನ್ನುವ ಸದ್ದು ಬಂದರೆ ನಿಮ್ಮ ಮಾತು ತಲುಪಿಲ್ಲ ಅಂತಲೇ ಇಟ್ಟುಕೊಳ್ಳಿ. ಕಾಲ್‌ಸೈನ್ (ರೇಡಿಯೋದಲ್ಲಿ ನಿಮ್ಮ ವಿಮಾನದ ಹೆಸರು) ಬಿಟ್ಟು 'ರಾಜರ್', ಅಂದರೆ ಕೇಳಿಸಿತು, ಅಂತಷ್ಟೇ ಹೇಳಬೇಡಿ, ಅದೇ ಅಂಕಿಗಳ ಇನ್ನೊಂದು ವಿಮಾನಕ್ಕೆ ಕೊಟ್ಟ ಸೂಚನೆಯನ್ನು ನೀವು ತೆಗೆದುಕೊಂಡಿದ್ದರೂ ಯಾರಿಗೂ ತಿಳಿಯುವುದಿಲ್ಲ. ಕಂಟ್ರೋಲರ್ ಆಗಿದ್ದರೆ ದಿಕ್ಕು, ಎತ್ತರ, ವೇಗ, ಫ್ರೀಕ್ವೆನ್ಸಿ ಎಲ್ಲವನ್ನೂ ಒಂದೇ ಉಸಿರಿಗೆ ಸುರಿಯಬೇಡಿ.

ನಿಮ್ಮ ಆ ಅಪ್ರೋಚ್‌ನ ಆಡಿಯೋ ಇದ್ದರೆ ಇಲ್ಲಿ ಹಾಕಿ. ಕಂಟ್ರೋಲರ್ 'ಥೌಸಂಡ್' ಅಂದಿದ್ದರಾ, ನೀವು ಬಟನ್ ಒತ್ತಿದ ಹೊತ್ತಿಗೆ ಇನ್ಯಾರಾದರೂ ಮಾತಾಡುತ್ತಿದ್ದರಾ, ಇವೆರಡನ್ನು ಮೊದಲು ನೋಡೋಣ.