ಹಳೇ ಬೋಟಿನ ಪೆಟ್ರೋಲ್ ಟ್ಯಾಂಕ್ ಸೋರ್ತಿದ್ರೆ

ಸರ್, ಫೈಬರ್ ಬೋಟಿನ ಫ್ಲೋರ್ ಕೆಳಗಿರೋ ಅಲ್ಯೂಮಿನಿಯಂ ಟ್ಯಾಂಕ್ ಸೋರ್ತಿದೆ, ವೆಲ್ಡಿಂಗ್ ಮಾಡ್ಸಿದ್ರೆ ಸಾಕಾ ಅಂತ ಕೇಳಿದೀರಿ. ದಯವಿಟ್ಟು ಬೇಡ. ಟ್ಯಾಂಕ್ ಖಾಲಿ ಮಾಡಿದ್ರೂ ಒಳಗೆ ಪೆಟ್ರೋಲ್ ಆವಿ ಉಳ್ದಿರುತ್ತೆ, ಕಿಡಿ ತಾಗಿದ್ರೆ ಸಿಡಿಯುತ್ತೆ. ಆ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲೇ ಕೂತಿರುತ್ತೆ, ಅದಕ್ಕೆ ಮೊದ್ಲು ಎಲ್ಲಾ ಮುಚ್ಚಳ ತೆಗೆದು ಗಾಳಿ ಆಡೋಕೆ ಬಿಡಿ, ಪೆಟ್ರೋಲ್ ವಾಸನೆ ಹೋದ್ಮೇಲೆ ಬ್ಯಾಟರಿ ಕಳಚಿ ದಡಕ್ಕಿಡಿ, ಪೆಟ್ರೋಲನ್ನ ಕೈಪಂಪಲ್ಲೇ ಹೊರಗೆ ತೆಗೀರಿ, ಕರೆಂಟ್ ಪಂಪ್ ಹತ್ರಾನೂ ತರ್ಬೇಡಿ.

ನಮ್ಮ ಬೋಟಿನ ಟ್ಯಾಂಕ್ ಕಿತ್ತಾಗ ಸುತ್ತಲಿದ್ದ ಫೋಮ್ ಹಿಂಡಿದ್ರೆ ಉಪ್ಪುನೀರು ಇಳೀತಿತ್ತು, ತಳದಲ್ಲಿ ಅಲ್ಯೂಮಿನಿಯಂ ತುಕ್ಕು ಹಿಡಿದ ಬಿಳಿ ಪುಡಿ, ಉಗುರಲ್ಲಿ ಕೆರೆದ್ರೆ ಸೂಜಿಮೊನೆಯಷ್ಟು ತೂತುಗಳು. ಒಂದು ಮುಚ್ಚಿದ್ರೆ ಪಕ್ಕದಲ್ಲಿ ಇನ್ನೊಂದು ಬರುತ್ತೆ, ಆ ತಗಡಿಗೆ ದುಡ್ಡು ಹಾಕೋದು ದಂಡ.

ಹೊಸದು ಮಾಡ್ಸೋದಾದ್ರೆ 5052 ಇಲ್ಲಾ 5083 ಗ್ರೇಡ್ ಅಲ್ಯೂಮಿನಿಯಂ ಶೀಟ್ ಕೇಳಿ. ಕೂರಿಸುವಾಗ ಫೋಮ್ ತುಂಬ್ಬೇಡಿ, ನಿಯೋಪ್ರೀನ್ ಅನ್ನೋ ರಬ್ಬರ್ ಪಟ್ಟಿ ಅಂಟಿಸಿ ಅದರ ಮೇಲಿಡಿ, ಕೆಳಗೆ ನೀರು ಹರಿದು ಹೋಗ್ಬೇಕು, ಗಾಳಿ ಆಡ್ಬೇಕು. ಫ್ಲೋರ್ ಮುಚ್ಚೋ ಮೊದ್ಲು 3 ಪಿಎಸ್ಐ (ಟೈರಿಗೆ ಗಾಳಿ ಹಾಕುವಾಗ ಅಳೆಯೋ ಒತ್ತಡದ ಅಳತೆ) ಗಾಳಿ ಕೊಟ್ಟು ಜಾಯಿಂಟಿಗೆಲ್ಲ ಸೋಪುನೀರು ಹಚ್ಚಿ ನೋಡಿ, ಅದಕ್ಕಿಂತ ಜಾಸ್ತಿ ಕೊಟ್ರೆ ಟ್ಯಾಂಕ್ ಉಬ್ಬುತ್ತೆ. ಹಳೇ ಪೆಟ್ರೋಲ್ ಪೈಪು (ಹೋಸ್) ಮಾತ್ರ ಖಂಡಿತಾ ವಾಪಸ್ ಹಾಕ್ಬೇಡಿ, ಈಗಿನ ಪೆಟ್ರೋಲಲ್ಲಿ 20% ಎಥನಾಲ್ ಇರುತ್ತೆ, ಹಳೇ ರಬ್ಬರ್ ತಡೆಯಲ್ಲ.

ನಿಮ್ಮದು ಔಟ್‌ಬೋರ್ಡ್ ಇಂಜಿನ್ (ಬೋಟಿನ ಹಿಂದೆ ಹೊರಗೆ ಕೂರಿಸೋದು), ದಿನಕ್ಕೆ ಒಂದೆರಡು ಗಂಟೆ ಓಡ್ಸೋದು ಅಂದಿದೀರಲ್ಲ, ನಾನಾಗಿದ್ರೆ ಒಳಗಿನ ಟ್ಯಾಂಕೇ ಬಿಟ್ಟು ಫ್ಲೋರ್ ಮೇಲಿಡೋ, ಎತ್ತಿ ಒಯ್ಯೋ 25 ಲೀಟರ್ ಪ್ಲಾಸ್ಟಿಕ್ ಟ್ಯಾಂಕ್ ಎರಡು ತಗೊಳ್ತಿದ್ದೆ. ತುಂಬಿಸುವಾಗ ದಡಕ್ಕಿಳಿಸಿ ನೆಲದ ಮೇಲಿಟ್ಟೇ ತುಂಬಿಸಿ.