ಜಪಾನಿನ ಕಾಲೇಜು ಕಾರ್ಯಕ್ರಮಗಳಲ್ಲಿ ಸುಶಿ, ಕಿಮೋನೊ ಬಿಟ್ಟು ಬೇರೇನಾದರೂ ನೋಡಲು ಸಿಗುತ್ತದೆಯೇ?

ಬರುವ ವರ್ಷ ಓದಲು ಜಪಾನಿಗೆ ಹೊರಟಿದ್ದೀರಿ. ಅಲ್ಲಿನ ಬೇರೆ ಬೇರೆ ಪ್ರಾಂತ್ಯಗಳ ಊಟ, ನಡೆನುಡಿ ಕ್ಯಾಂಪಸ್ಸಿನಲ್ಲೇ ತಿಳಿಯುತ್ತದೆಯೇ, ಸಸ್ಯಾಹಾರಿಗೆ ತಿನ್ನಲು ಏನಾದರೂ ಇರುತ್ತದೆಯೇ ಎಂದು ಕೇಳಿದ್ದೀರಿ. ತಿಳಿಯುತ್ತದೆ, ಆದರೆ ಬಡಿಸುವ ಹೊತ್ತಿಗೆ ಹೋದರೆ ಅರ್ಧವೂ ತಿಳಿಯುವುದಿಲ್ಲ. ತರಕಾರಿ ಹೆಚ್ಚುವ ಹೊತ್ತಿಗೇ ಹೋಗಿ.

ನಾನು ಓದಿದ್ದು ಈಶಾನ್ಯ ಜಪಾನಿನ ಸೆಂಡಾಯ್‌ನಲ್ಲಿ. ಹೋದ ಹೊಸತರಲ್ಲಿ ನಮಗೂ ಕಿಮೋನೊ ಉಡಿಸಿ ಫೋಟೊ ತೆಗೆದರು, ಕಾಗದ ಮಡಚಿ ಕೊಕ್ಕರೆ ಮಾಡಿಸಿದರು. ತಪ್ಪೇನಿಲ್ಲ, ಕೊಕ್ಕರೆ ಈಗಲೂ ನನ್ನ ಮೇಜಿನ ಮೇಲಿದೆ. ಅಕ್ಟೋಬರಿನಲ್ಲಿ ವಿದೇಶಿ ವಿದ್ಯಾರ್ಥಿಗಳಿಗಾಗಿ ಕ್ಯಾಂಪಸ್ಸಿನ ಅಂಗಳದಲ್ಲಿ ‘ಇಮೋನಿಕಾಯ್’ ಎಂಬ ಊಟದ ಕೂಟ ಇದೆ, ಅಡುಗೆಗೆ ಕೈ ಬೇಕು ಎಂದು ಚೀಟಿ ಹಚ್ಚಿದ್ದರು. ಹೋಗಿ ನೋಡಿದರೆ ಬುಟ್ಟಿಯಲ್ಲಿದ್ದದ್ದು ಕೆಸುವಿನ ಗೆಡ್ಡೆ! ತೀರ್ಥಹಳ್ಳಿ ಕಡೆಯವನಾದ ನನಗೆ ಅದರ ಪರಿಚಯ ಹೇಳಬೇಕೇ? ಗುಂಡಗೆ, ಮೈತುಂಬ ಕಂದು ನಾರು, ಮಣ್ಣು ಇನ್ನೂ ಹಸಿ.

ಇಮೋನಿ ಎಂದರೆ ಗೆಡ್ಡೆ ಬೇಯಿಸಿದ ಸಾರು. ಶರತ್ಕಾಲ ಬಂತೆಂದರೆ ಅಲ್ಲಿನ ಜನ ನೆಂಟರು, ಸಹೋದ್ಯೋಗಿಗಳ ಜೊತೆ ಹೊಳೆದಂಡೆಗೆ ಹೋಗಿ ಒಲೆ ಹೂಡಿ ಇದನ್ನು ಬೇಯಿಸಿ ಉಣ್ಣುತ್ತಾರೆ. ಆ ದಿನಗಳಲ್ಲಿ ಊರಿನ ಸಣ್ಣ ಅಂಗಡಿಗಳಲ್ಲೂ ಸೌದೆಯ ಕಟ್ಟು ಮಾರಾಟಕ್ಕಿರುತ್ತದೆ, ಕೆಲವು ಅಂಗಡಿಗಳು ಪಾತ್ರೆಯನ್ನೂ ಕೊಟ್ಟು ಕಳುಹಿಸುತ್ತವೆ. ಚಳಿಗಾಲದ ಹಿಮದಲ್ಲಿ ಈ ಗೆಡ್ಡೆ ಕೆಡದಂತೆ ಇಡುವುದು ಕಷ್ಟ, ಆದ್ದರಿಂದ ಕಿತ್ತ ಕೂಡಲೇ ತಿಂದು ಮುಗಿಸುವ ರೂಢಿ ಬಂತು ಎಂದು ಒಬ್ಬರು ಹೇಳಿದರು. ಮೊಗಾಮಿ ನದಿಯ ದೋಣಿಯವರು ಸರಕಿಗಾಗಿ ಕಾಯುತ್ತ ಒಣಮೀನಿನ ಜೊತೆ ಗೆಡ್ಡೆ ಬೇಯಿಸಿಕೊಂಡದ್ದೇ ಮೂಲ ಎಂದು ಇನ್ನೊಬ್ಬರು.

ಸಿಪ್ಪೆ ತೆಗೆಯಲು ಕೂತ ಐದೇ ನಿಮಿಷಕ್ಕೆ ವಿಯೆಟ್ನಾಂ ಹುಡುಗನೊಬ್ಬ ಅಂಗೈ ಕೆರೆದುಕೊಳ್ಳತೊಡಗಿದ. ನಮ್ಮಜ್ಜಿಯಾದರೆ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳದೆ ಕೆಸು ಮುಟ್ಟುತ್ತಿರಲಿಲ್ಲ, ಹುಣಸೆಹುಳಿ ಇಲ್ಲದೆ ಒಲೆಗೆ ಏರಿಸುತ್ತಿರಲಿಲ್ಲ. ಇಲ್ಲಿ ಉಸ್ತುವಾರಿ ಹೊತ್ತಿದ್ದ ಹಿರಿಯ ಹೆಂಗಸು ಅವನ ಅಂಗೈಗೆ ಒಂದು ಹಿಡಿ ಉಪ್ಪು ಸುರಿದು ಉಜ್ಜಿಸಿದರು, ಮೇಲೆ ಸ್ವಲ್ಪ ವಿನೆಗರ್. ತೊಳೆದ ಗೆಡ್ಡೆಯನ್ನು ಪೂರ್ತಿ ಒಣಗಿಸಿ ಕತ್ತಿ ಹಾಕಿದರೆ ತುರಿಕೆ ಕಡಿಮೆ ಎಂದೂ ತೋರಿಸಿಕೊಟ್ಟರು.

ಜಗಳ ಶುರುವಾದದ್ದು ಆಮೇಲೆ. ಸೆಂಡಾಯ್ ಇರುವುದು ಮಿಯಾಗಿ ಪ್ರಾಂತ್ಯದಲ್ಲಿ. ಅವರದು ಹಂದಿಮಾಂಸ ಮತ್ತು ಮಿಸೊ (ಹುದುಗಿಸಿದ ಸೋಯಾ ಕಾಳಿನ ಮುದ್ದೆ) ಹಾಕಿದ ಇಮೋನಿ. ಪಕ್ಕದ ಯಾಮಾಗಾತಾದವರದು ದನದ ಮಾಂಸ, ಸೋಯಾ ಸಾಸ್, ಸ್ವಲ್ಪ ಸಕ್ಕರೆ. ಎರಡೂ ಕಡೆಯವರು ಇದ್ದುದರಿಂದ ಎರಡು ಕಡಾಯಿ ಇಟ್ಟಿದ್ದರು. ಯಾಮಾಗಾತಾದ ಹುಡುಗ ಸೆಂಡಾಯ್ ಕಡಾಯಿಗೆ ಇಣುಕಿ, ‘ಇದು ಇಮೋನಿ ಅಲ್ಲ, ಟೊನ್‌ಜಿರು’ ಎಂದ. ಟೊನ್‌ಜಿರು ಎಂದರೆ ಜಪಾನಿನಲ್ಲಿ ಎಲ್ಲೆಡೆ ಸಿಗುವ ಹಂದಿಮಾಂಸದ ಮಿಸೊ ಸಾರು. ನಿಮ್ಮ ಬಿಸಿಬೇಳೆಬಾತನ್ನು ಯಾರಾದರೂ ‘ಸಾಂಬಾರ್ ಅನ್ನ’ ಎಂದರೆ ಎಷ್ಟು ಉರಿಯುತ್ತದೆಯೋ ಅಷ್ಟು. ಸೌಟು ಹಿಡಿದಿದ್ದ ಸೆಂಡಾಯ್ ಹುಡುಗಿ ಬಿಡಲಿಲ್ಲ. ಕ್ಲಾಸಿನಲ್ಲಿ ಪುಸ್ತಕದ ಜಪಾನಿ ಭಾಷೆ ಆಡುತ್ತಿದ್ದ ಹುಡುಗನ ಬಾಯಲ್ಲಿ ಊರಿನ ಮಾತು ಇಳಿಯಿತು. ‘ಹೌದು’ ಎನ್ನಲು ‘ನ್ದಾ’, ‘ರುಚಿ’ ಎನ್ನಲು ‘ನ್ಮೆ’. ನಾನು ಆರು ತಿಂಗಳು ಬಾಯಿಪಾಠ ಮಾಡಿದ್ದ ‘ಓಯ್ಶೀ’ ಆ ದಿನ ಯಾರ ಬಾಯಲ್ಲೂ ಕೇಳಲಿಲ್ಲ.

ಅಷ್ಟರಲ್ಲಿ ಅಲ್ಲಿಯವರೆಗೆ ಸುಮ್ಮನೆ ಈರುಳ್ಳಿ ದಂಟು ಹೆಚ್ಚುತ್ತಿದ್ದವನೊಬ್ಬ ತಲೆಯೆತ್ತಿ, ತಾನೂ ಯಾಮಾಗಾತಾದವನೇ, ಸಮುದ್ರದ ಕಡೆಯ ಶೋನಾಯ್‌ನವನು, ತಮ್ಮ ಮನೆಯಲ್ಲೂ ಹಂದಿಮಾಂಸ ಮತ್ತು ಮಿಸೊ ಎಂದ. ಮೊದಲ ಹುಡುಗನ ಮುಖ ನೋಡಬೇಕಿತ್ತು. ಸೋಲು ಒಪ್ಪದೆ ಮೊಬೈಲ್ ತೆಗೆದು ತಮ್ಮೂರ ಹಬ್ಬದ ವಿಡಿಯೊ ತೋರಿಸಿದ. ಯಾಮಾಗಾತಾ ನಗರದ ಹೊಳೆದಂಡೆಯಲ್ಲಿ 6.5 ಮೀಟರ್ ಅಗಲದ ಕಡಾಯಿ, ಅದರಲ್ಲಿ ಸುಮಾರು 3 ಟನ್ ಗೆಡ್ಡೆ, ಎತ್ತಿ ಸುರಿಯಲು ನಮ್ಮಲ್ಲಿ ಜೆಸಿಬಿ ಎನ್ನುವಂಥ ಯಂತ್ರ! ಯಂತ್ರದ ಗ್ರೀಸ್ ಎಲ್ಲ ತೆಗೆದು ತಿನ್ನಲು ಯೋಗ್ಯವಾದ ಜಿಡ್ಡನ್ನೇ ಹಚ್ಚಿರುತ್ತಾರಂತೆ.

ಇನ್ನು ನಿಮ್ಮ ಊಟದ ಮಾತು. ಎಚ್ಚರ ಬೇಕು. ತರಕಾರಿಯಷ್ಟೇ ಕಾಣುವ ಸಾರಿನಲ್ಲೂ ‘ದಾಶಿ’ ಇರುತ್ತದೆ, ಅದು ಸಾಮಾನ್ಯವಾಗಿ ಒಣಗಿಸಿದ ಬೊನಿಟೊ ಮೀನಿನ ತಿಳಿ. ‘ಮಾಂಸ ಬೇಡ’ ಎಂದರೆ ಸಾಲದು, ‘ಮೀನಿನ ದಾಶಿಯೂ ಬೇಡ’ ಎಂದು ಮೊದಲ ದಿನವೇ ಹೇಳಿ. ನಾನು ಹೇಳಿದ್ದಕ್ಕೆ ಆ ಹಿರಿಯರು ಕೊಂಬು ಎಂಬ ಕಡಲಪಾಚಿ ಮತ್ತು ಒಣ ಶಿಟಾಕೆ ಅಣಬೆಯ ತಿಳಿಯಲ್ಲಿ ಪುಟ್ಟ ಪಾತ್ರೆಯಲ್ಲಿ ಬೇರೆ ಬೇಯಿಸಿಕೊಟ್ಟರು. ಗೆಡ್ಡೆ ಲೋಳೆಯಾಗಿ ನಾಲಿಗೆಯ ಮೇಲೆ ಜಾರುತ್ತಿತ್ತು, ಹುಳಿಯಿಲ್ಲದ ಕೆಸು ನನಗೆ ಮೊದಲ ತುತ್ತಿಗೆ ಸಪ್ಪೆ, ಮೂರನೆಯದಕ್ಕೆ ಹಿತ. ಜೊತೆಗಿದ್ದ ಕೊನ್ಯಾಕು ನಮ್ಮ ಸುವರ್ಣಗೆಡ್ಡೆಯ ಹತ್ತಿರದ ಬಂಧುವಿನಿಂದ ಮಾಡಿದ್ದು, ರಬ್ಬರಿನಂತೆ ಪುಟಿಯುತ್ತದೆ. ಯಾಮಾಗಾತಾದವರು ಅದನ್ನೇ ಉಂಡೆ ಮಾಡಿ, ಸೋಯಾ ಸಾಸಿನಲ್ಲಿ ಕುದಿಸಿ, ಕಡ್ಡಿಗೆ ಚುಚ್ಚಿ ಸಾಸಿವೆ ಸವರಿ ಕೊಡುತ್ತಾರೆ. ರುಚಿಗೆಂದು ಕೆಲವರು ಒಣ ಸ್ಕ್ವಿಡ್ ಹಾಕುತ್ತಾರೆ, ಕೇಳಿಯೇ ತಿನ್ನಿ. ಸಿಹಿಗೆ ಸೆಂಡಾಯ್‌ನ ಜುಂಡಾ ಮೋಚಿ ಇತ್ತು. ಎಳೆ ಸೋಯಾ ಕಾಳನ್ನು ಸಕ್ಕರೆಯೊಂದಿಗೆ ಅರೆದ ಹಸಿರು ಹೂರಣ, ಕೆಳಗೆ ಅಂಟಕ್ಕಿಯ ಮುದ್ದೆ. ಎರಡು ತಟ್ಟೆ ತಿಂದೆ.

ಸಂಜೆ ಯಾಮಾಗಾತಾ ಕಡಾಯಿಯ ತಳದಲ್ಲಿ ಉಳಿದ ಸಾರಿಗೆ ಉಡೊನ್ ಶ್ಯಾವಿಗೆ ಸುರಿದು, ಜಪಾನಿನವರ ‘ಕರ್ರಿ’ (curry) ಮಸಾಲೆಯ ಗಟ್ಟಿಗಳನ್ನು ಮುರಿದು ಹಾಕಿದರು. ಊಟ ಮುಗಿಸುವ ಕ್ರಮವೇ ಹಾಗಂತೆ. ‘ನೀವು ಇಂಡಿಯಾದವರು, ಹೇಗಿದೆ ಹೇಳಿ’ ಎಂದು ಬಟ್ಟಲು ಮುಂದಿಟ್ಟರು. ನಾನು ತಿನ್ನುವ ಹಾಗಿರಲಿಲ್ಲ. ಮೂಸಿ ನೋಡಿ, ಇಂಗು ಬೇಕಿತ್ತು ಎಂದೆ. ಇಂಗು ಎಂದರೇನು ಎಂದು ವಿವರಿಸುವುದರಲ್ಲೇ ಕತ್ತಲಾಯಿತು.