ಕಣ್ಣು ಕಾಣದವರು ಕರೆಂಟ್ ಗ್ರಿಲ್‌ನಲ್ಲಿ ಒಬ್ಬರೇ ಅಡುಗೆ ಮಾಡಬಹುದಾ?

ಮಾಡಬಹುದು. ಹನ್ನೊಂದು ವರ್ಷದಿಂದ ನಾನು ಮಾಡುತ್ತಿದ್ದೇನೆ. ಬೆಳಕಿದೆಯೋ ಕತ್ತಲಿದೆಯೋ ಎನ್ನುವುದು ಬಿಟ್ಟರೆ ನನಗೆ ಬೇರೇನೂ ಕಾಣುವುದಿಲ್ಲ.

ದೃಷ್ಟಿ ಹೋಗಿ ವರ್ಷವಾಯಿತು, ಮನೆಯವರು ಒಲೆ ಹತ್ತಿರ ಬಿಡುತ್ತಿಲ್ಲ, ಯಾರೋ ಕೊಟ್ಟ ಗ್ರಿಲ್ ಡಬ್ಬದಲ್ಲೇ ಕೂತಿದೆ, ಕೈ ಸುಟ್ಟುಕೊಳ್ಳುವ ಭಯ ಎಂದು ಬರೆದಿದ್ದೀರಿ. ಮೊದಲು ಅದು ಯಾವ ಥರದ್ದು ಅಂತ ನೋಡಿ. ಪುಸ್ತಕದ ಹಾಗೆ ಮುಚ್ಚಿಕೊಳ್ಳುವುದಾದರೆ ನಿಮ್ಮ ಅದೃಷ್ಟ. ಮೇಲಿನ ಪ್ಲೇಟು, ಕೆಳಗಿನ ಪ್ಲೇಟು ಎರಡೂ ಕಾಯುತ್ತವೆ, ಹಾಗಾಗಿ ಎರಡೂ ಕಡೆ ಒಟ್ಟಿಗೆ ಬೇಯುತ್ತದೆ. ತಿರುವಿ ಹಾಕುವ ಕೆಲಸವೇ ಇಲ್ಲ. ಬಾಣಲೆ ಮುಂದೆ ನಮ್ಮನ್ನು ಗೋಳು ಹೊಯ್ದುಕೊಳ್ಳುವುದು ಅದೇ ಅಲ್ವಾ, ಯಾವ ತುಂಡು ತಿರುವಿದೆ, ಯಾವುದನ್ನು ಬಿಟ್ಟೆ ಎಂದು ಹುಡುಕುವುದು? ಮುಚ್ಚಳವಿಲ್ಲದ ಗ್ರಿಲ್‌ನಲ್ಲೂ ಅಡುಗೆ ಆಗುತ್ತದೆ, ಆದರೆ ಕಲಿಯುವುದಕ್ಕೆ ಅದು ಬೇಡ.

ಎರಡು ದಿನ ಪ್ಲಗ್ ಹಾಕದೆ ಸುಮ್ನೆ ಅದರ ಜೊತೆ ಆಟ ಆಡಿ. ಹಿಡಿ ಎಲ್ಲಿದೆ, ಮುಚ್ಚಳ ಎಷ್ಟು ಎತ್ತರಕ್ಕೆ ನಿಲ್ಲುತ್ತದೆ, ವೈರ್ ಯಾವ ಕಡೆಯಿಂದ ಬರುತ್ತದೆ, ಎಲ್ಲವೂ ಕೈಗೆ ಬಾಯಿಪಾಠವಾಗಲಿ. ಪ್ಲೇಟಿನ ಮೇಲೆ ಹಿಂದಿನಿಂದ ಮುಂದಕ್ಕೆ ಉಬ್ಬು ಗೆರೆಗಳಿರುತ್ತವೆ. ಅವುಗಳನ್ನು ಎಣಿಸಿಕೊಳ್ಳಿ. ಮರದ ಸಟ್ಟುಗದ ತುದಿಯನ್ನು ಅಡ್ಡಕ್ಕೆ ಎಳೆದರೆ ಟರ್ ಟರ್ ಎಂದು ಒಂದೊಂದೇ ಗೆರೆ ಕೈಗೆ ಸಿಗುತ್ತದೆ. ಬಿಸಿಯಿದ್ದಾಗ ಬೆರಳು ಇಡುವ ಹಾಗಿಲ್ಲವಲ್ಲ, ಆಗ ಈ ಗೆರೆಗಳೇ ನಿಮ್ಮ ನಕ್ಷೆ. ಲೋಹದ ಸಟ್ಟುಗ ಬೇಡ, ನಾನ್‌ಸ್ಟಿಕ್ ಲೇಪ ಕಿತ್ತು ಬರುತ್ತದೆ.

ಗ್ರಿಲ್ ಕಾದಾಗ ದೀಪ ಹೊತ್ತುತ್ತದೆ ಅಥವಾ ಆರುತ್ತದೆ ಎಂದು ಅದರ ಜೊತೆಗಿನ ಪುಸ್ತಕ ಹೇಳುತ್ತದೆ. ದೀಪ ಕಟ್ಟಿಕೊಂಡು ನಾವೇನು ಮಾಡೋಣ? ಕಿವಿ ಹತ್ತಿರ ತನ್ನಿ. ಎಷ್ಟೋ ಗ್ರಿಲ್‌ಗಳಲ್ಲಿ ಕಾವು ಸಾಕಾದಾಗ ಒಳಗೆ ಸಣ್ಣಗೆ ಟಿಕ್ ಎನ್ನುತ್ತದೆ. ಥರ್ಮೋಸ್ಟಾಟ್‌ನಲ್ಲಿ ಎರಡು ಬೇರೆ ಬೇರೆ ಲೋಹಗಳನ್ನು ಒಂದರ ಮೇಲೊಂದು ಅಂಟಿಸಿದ ಪಟ್ಟಿ ಇರುತ್ತದೆ. ಕಾದಾಗ ಒಂದು ಜಾಸ್ತಿ ಹಿಗ್ಗುತ್ತದೆ, ಪಟ್ಟಿ ಬಾಗಿ ಕರೆಂಟ್ ಕಡಿಯುತ್ತದೆ. ಆ ಸದ್ದೇ ಅದು. ನಿಮ್ಮದರಲ್ಲಿ ಕೇಳಿಸದಿದ್ದರೆ ಫೋನಿಗೆ ಐದಾರು ನಿಮಿಷದ ಟೈಮರ್ ಇಡಲು ಹೇಳಿ. ತಿರುಗಿಸುವ ಗುಂಡಿ ಇದ್ದರೆ ಬೇಕಾದ ಜಾಗಕ್ಕೆ ಉಬ್ಬು ಚುಕ್ಕಿಯ ಸ್ಟಿಕ್ಕರ್ ಹಚ್ಚಿ. ಬರೀ ನುಣ್ಣಗಿನ ಟಚ್ ಪ್ಯಾನೆಲ್ ಇದ್ದರೆ ವಾಪಸ್ ಕೊಟ್ಟು ಬೇರೆ ತಗೊಳ್ಳುವುದೇ ಲೇಸು.

ನಿಜವಾದ ಅಪಾಯ ಬೇಯುವಾಗ ಇಲ್ಲ, ಇಡುವಾಗ ಮತ್ತು ತೆಗೆಯುವಾಗ ಇದೆ. ಅದಕ್ಕೇ ಮೊದಲ ಕೆಲವು ವಾರ ತಣ್ಣಗಿರುವಾಗಲೇ ಕೈಯಿಂದ ಜೋಡಿಸಿ, ಮುಚ್ಚಿ, ಆಮೇಲೆ ಪ್ಲಗ್ ಹಾಕಿ. ಸ್ವಲ್ಪ ಅಂಟುತ್ತದೆ, ಒಂದಷ್ಟು ನಿಮಿಷ ಜಾಸ್ತಿ ಹಿಡಿಯುತ್ತದೆ, ಗ್ರಿಲ್ಲಿನ ಗೆರೆ ಚೆನ್ನಾಗಿ ಮೂಡುವುದಿಲ್ಲ. ಮೂಡದಿದ್ದರೆ ಬೇಡ, ನಾವೇನು ಅದನ್ನು ನೋಡಬೇಕಾಗಿದೆಯಾ! ಕೈ ಪಳಗಿದ ಮೇಲೆ ಕಾದ ಪ್ಲೇಟಿಗೆ ಇಕ್ಕಳದಲ್ಲಿ ಇಡಿ. ಹಿಂದಿನ ಸಾಲು ಮೊದಲು, ಮುಂದಿನದು ಆಮೇಲೆ. ತೆಗೆಯುವಾಗ ಮುಂದಿನದರಿಂದ ಶುರು. ಆರು ಇಟ್ಟರೆ ಆರೂ ಎಣಿಸಿ ತೆಗೆಯಬೇಕು. ಕೊನೆಗೆ ಗೆರೆಗಳ ಉದ್ದಕ್ಕೂ ಸಟ್ಟುಗ ಓಡಿಸಿ ಏನಾದರೂ ಉಳಿದಿದೆಯಾ ಎಂದು ನೋಡಿ.

ಸುಡುವುದು ಸಾಮಾನ್ಯವಾಗಿ ಅಂಗೈಯಲ್ಲ, ಮುಂಗೈ. ಗಮನವೆಲ್ಲ ಕೆಳಗಿನ ಪ್ಲೇಟಿನ ಮೇಲಿರುತ್ತದೆ, ಕೈಯ ಮೇಲ್ಭಾಗ ಮೇಲಿನ ಪ್ಲೇಟಿಗೆ ತಗಲುತ್ತದೆ. ಮೊಣಕೈವರೆಗೆ ಬರುವ ಸಿಲಿಕೋನ್ ಕೈಗವಸು ಹಾಕಿಕೊಳ್ಳಿ. ಮುಚ್ಚಳ ಎತ್ತುವಾಗ ಒಂದು ಪಕ್ಕಕ್ಕೆ ನಿಂತು ನಿಧಾನಕ್ಕೆ ಎತ್ತಿ, ಹಬೆ ನೇರ ಮುಖಕ್ಕೆ ನುಗ್ಗುತ್ತದೆ.

ಬೆಂದಿದೆಯಾ ಎನ್ನುವುದನ್ನು ಕಿವಿಯೇ ಅರ್ಧ ಹೇಳುತ್ತದೆ. ಮೊದಲು ನೀರು ಆವಿಯಾಗುವಾಗ ಜೋರಾಗಿ ಚುಂಯ್ ಎನ್ನುತ್ತದೆ, ನೀರು ಮುಗಿಯುತ್ತಾ ಬಂದ ಹಾಗೆ ಸದ್ದು ಇಳಿದು ಚಟಪಟ ಶುರುವಾಗುತ್ತದೆ, ಹುರಿದ ವಾಸನೆ ಏಳುತ್ತದೆ. ತರಕಾರಿಗೆ, ಬ್ರೆಡ್ಡಿಗೆ ಇಷ್ಟು ಸಾಕು. ಮಾಂಸಕ್ಕೆ ಸಾಲದು. ಮಾತಾಡುವ ಥರ್ಮಾಮೀಟರ್ ಸಿಗುತ್ತದೆ, ಅದನ್ನು ದಪ್ಪ ತುಂಡಿಗೆ ಪಕ್ಕದಿಂದ ಚುಚ್ಚಿ. ಕೋಳಿಗೆ 74 ಡಿಗ್ರಿ ಸೆಲ್ಸಿಯಸ್, ಬೇರೆ ಖೀಮಾಕ್ಕೆ 71, ಮೀನಿಗೆ 63. ಇದರಲ್ಲಿ ಅಂದಾಜು ಬೇಡವೇ ಬೇಡ. ತುಂಡುಗಳೆಲ್ಲ ಒಂದೇ ದಪ್ಪ ಇರಲಿ, ಇಲ್ಲದಿದ್ದರೆ ಮೇಲಿನ ಪ್ಲೇಟು ದಪ್ಪದ್ದರ ಮೇಲೆ ಕೂತು ತೆಳ್ಳಗಿನದನ್ನು ಮುಟ್ಟುವುದೇ ಇಲ್ಲ.

ಇನ್ನು ಕೊಬ್ಬು ಹಿಡಿಯುವ ತಟ್ಟೆ. ಬಾಕ್ಸರ್ ಜಾರ್ಜ್ ಫೋರ್‌ಮನ್ ಹೆಸರಿನಲ್ಲಿ 1994ರಲ್ಲಿ ಮಾರುಕಟ್ಟೆಗೆ ಬಂದ ಗ್ರಿಲ್‌ನಲ್ಲಿ ಕೊಬ್ಬು ಜಾರಿ ಇಳಿಯಲಿ ಎಂದು ಪ್ಲೇಟು ಇಳಿಜಾರಾಗಿತ್ತು. ಈಗಲೂ ತುಂಬಾ ಗ್ರಿಲ್‌ಗಳು ಹಾಗೇ ಇವೆ. ಒಮ್ಮೆ ನಾನು ಆ ತಟ್ಟೆ ಇಡುವುದನ್ನೇ ಮರೆತೆ. ಕಾಲ ಬೆರಳಿಗೆ ಬೆಚ್ಚಗೆ ಏನೋ ತೊಟ್ಟಿಕ್ಕಿದಾಗ ಗೊತ್ತಾಯಿತು, ಕಟ್ಟೆ ದಾಟಿ ನೆಲದವರೆಗೆ ಜಿಡ್ಡು! ಅಂದಿನಿಂದ ಇಡೀ ಗ್ರಿಲ್ಲನ್ನೇ ಅಂಚಿರುವ ದೊಡ್ಡ ಟ್ರೇ ಒಳಗೆ ಇಡುತ್ತೇನೆ. ಚೆಲ್ಲಿದ್ದು ಅಲ್ಲೇ ನಿಲ್ಲುತ್ತದೆ, ಬಿಸಿ ವಸ್ತು ಎಲ್ಲಿಂದ ಶುರು ಎಂದು ಟ್ರೇ ಅಂಚೇ ಹೇಳುತ್ತದೆ.

ಕೆಲವು ಗ್ರಿಲ್‌ಗಳಿಗೆ ಸ್ವಿಚ್ಚೇ ಇರುವುದಿಲ್ಲ. ಆಫ್ ಮಾಡಿದೆನಾ ಎಂಬ ಅನುಮಾನ ಬೇಡ ಎಂದರೆ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು ನೋಡಿ. ಪ್ಲೇಟು ಇನ್ನೂ ಬೆಚ್ಚಗಿರುವಾಗ ಒದ್ದೆ ಬಟ್ಟೆಯನ್ನು ಮಡಚಿ, ಇಕ್ಕಳದಲ್ಲಿ ನಡುವೆ ಇಟ್ಟು ಮುಚ್ಚಿದರೆ ಹಬೆಗೆ ಜಿಡ್ಡು ಸಡಿಲವಾಗುತ್ತದೆ. ಪೂರ್ತಿ ತಣ್ಣಗಾದ ಮೇಲೆ ಒರೆಸಿ, ಬೆರಳಾಡಿಸಿ. ಕಣ್ಣಿರುವವರು ತೊಳೆದಿಟ್ಟ ಗ್ರಿಲ್ ಮೇಲೂ ನನ್ನ ಬೆರಳಿಗೆ ಜಿಡ್ಡು ಸಿಕ್ಕಿದೆ, ಹೇಳಿದರೆ ಅವರಿಗೆ ಕೋಪ.

ಮೊದಲ ದಿನ ಎರಡು ಬ್ರೆಡ್ ಹೋಳಿನ ನಡುವೆ ಚೀಸ್ ಇಟ್ಟು ಮಾಡಿ. ಮನೆಯವರು ಪಕ್ಕದ ಕೋಣೆಯಲ್ಲಿ ಕೂತಿರಲಿ, ಕರೆದರೆ ಮಾತ್ರ ಬರಲಿ. ಕೋಳಿ ಇನ್ನೊಂದು ವಾರ ಕಾಯಲಿ.